ಪಲ್ಸ್ ಎಣಿಕೆಯ ಜೊತೆ ಥ್ರೆಶೋಲ್ಡ್ ಕೂಡ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುರವಣಿಯಲ್ಲಿ ವಿಕಿರಣದ ಅಳತೆಯ ಬಗ್ಗೆ ಬಂದ ಲೇಖನ ಓದಿದೆ. ಡಿಟೆಕ್ಟರನ್ನು ಕಂಪ್ಯೂಟರಿಗೆ ಜೋಡಿಸಿದರೆ ಪಲ್ಸ್‌ಗಳನ್ನು (ವಿಕಿರಣ ಬಡಿದಾಗ ಬರುವ ವಿದ್ಯುತ್ ಮಿಡಿತಗಳನ್ನು) ಸಾಫ್ಟ್‌ವೇರ್ ತಾನೇ ಎಣಿಸಿಕೊಡುತ್ತದೆ ಎಂದು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಉಳಿದ ಬರಹ ಸೊಗಸಾಗಿದೆ. ಆ ಒಂದು ಸಾಲಿಗೆ ಮಾತ್ರ ನನ್ನ ತಕರಾರು. ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇದೇ ಕೆಲಸ ಕಲಿಸುವವಳು ನಾನು. ಯಾವುದನ್ನು ಪಲ್ಸ್ ಎಂದು ನಾವು ಹೇಳಿಕೊಟ್ಟಿರುತ್ತೇವೋ ಅದನ್ನಷ್ಟೇ ಸಾಫ್ಟ್‌ವೇರ್ ಎಣಿಸುತ್ತದೆ.

ಥ್ರೆಶೋಲ್ಡನ್ನೇ, ಅಂದರೆ ಸಿಗ್ನಲ್ ಯಾವ ಗೆರೆ ದಾಟಿದರೆ ಪಲ್ಸ್ ಎಂದು ಎಣಿಸಬೇಕೋ ಆ ಗೆರೆಯನ್ನೇ ನೋಡಿ. ಸಿಂಟಿಲೇಷನ್ ಡಿಟೆಕ್ಟರನ್ನು (ವಿಕಿರಣ ಬಿದ್ದಾಗ ಹೊಮ್ಮುವ ಬೆಳಕನ್ನು ವಿದ್ಯುತ್ತಾಗಿಸುವ ಸಾಧನ) ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಜೋಡಿಸಿದ್ದೇವೆ, ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸಿಗ್ನಲ್ಲಿನ ಬಿಡಿ ಅಳತೆ, ಬರುತ್ತಿದೆ ಎನ್ನಿ. ನಾಯ್ಸ್ (ಪಲ್ಸ್ ಇಲ್ಲದಾಗಲೂ ಸಿಗ್ನಲ್ಲಿನಲ್ಲಿರುವ ಏರುಪೇರು) ಗಾಸಿಯನ್, ಅಂದರೆ ಗಂಟೆಯಾಕಾರದ ಹಂಚಿಕೆಯದು ಆಗಿದ್ದು, ಸ್ಯಾಂಪಲ್‌ಗಳ ನಡುವೆ ನಂಟಿಲ್ಲದಿದ್ದರೆ, ಆ ಏರುಪೇರಿನ ಹರವನ್ನು ಹೇಳುವ ಮಾನಕ ವಿಚಲನೆಯ 3 ಪಟ್ಟಿಗೆ ಗೆರೆ ಎಳೆದಾಗ ಸಾವಿರಕ್ಕೆ 1.35 ಸ್ಯಾಂಪಲ್ ಬರೀ ನಾಯ್ಸಿನಿಂದಲೇ ಅದನ್ನು ದಾಟುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 65 ಸುಳ್ಳು ಪಲ್ಸ್. ಅದೇ ಗೆರೆಯನ್ನು 5 ಪಟ್ಟಿಗೆ ಏರಿಸಿದರೆ ಹೆಚ್ಚುಕಡಿಮೆ 73 ಸೆಕೆಂಡಿಗೆ ಒಂದು. ಡಿಟೆಕ್ಟರ್ ಅದೇ, ವಿಕಿರಣ ಅಷ್ಟೇ, ಎಣಿಕೆ ಮಾತ್ರ ಬೇರೆ. ಹಾಗೆಂದು ಏರಿಸುತ್ತಲೇ ಹೋಗುವಂತೆಯೂ ಇಲ್ಲ, ಕಡಿಮೆ ಶಕ್ತಿಯ ನಿಜವಾದ ಪಲ್ಸ್‌ಗಳು ಕೈತಪ್ಪುತ್ತವೆ. ಸುಳ್ಳು ಪಲ್ಸ್ ಪರದೆಯ ಮೇಲಾದರೂ ಕಾಣುತ್ತದೆ. ಬಿಟ್ಟುಹೋದದ್ದು ಎಲ್ಲಿಯೂ ಕಾಣುವುದಿಲ್ಲ. (ಇನ್ನೊಂದು ಬಗೆಯ ಡಿಟೆಕ್ಟರಾದ ಗೈಗರ್ ನಳಿಕೆಯ ಪಲ್ಸ್ ದೊಡ್ಡದು, ಅಲ್ಲಿ ಈ ತೊಂದರೆ ಇಷ್ಟು ಕಾಡುವುದಿಲ್ಲ.)

ನಾಯ್ಸ್ ಅಳೆಯುವಲ್ಲಿಯೂ ಒಂದು ಸೂಕ್ಷ್ಮವಿದೆ. ಪಲ್ಸ್‌ಗಳನ್ನೂ ಸೇರಿಸಿಕೊಂಡು ಮಾನಕ ವಿಚಲನೆ ತೆಗೆದರೆ ದೊಡ್ಡ ಪಲ್ಸ್‌ಗಳೇ ಅದನ್ನು ಉಬ್ಬಿಸುತ್ತವೆ, ಥ್ರೆಶೋಲ್ಡ್ ತಾನಾಗಿ ಮೇಲೇರುತ್ತದೆ. ಬೇಸ್‌ಲೈನಿನಿಂದ (ಪಲ್ಸ್ ಇಲ್ಲದಾಗಿನ ಸಿಗ್ನಲ್ ಮಟ್ಟದಿಂದ) ಪ್ರತಿ ಸ್ಯಾಂಪಲ್ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ಮಧ್ಯಾಂಕವನ್ನು 0.6745ರಿಂದ ಭಾಗಿಸುವುದು ಇದಕ್ಕಿಂತ ಎಷ್ಟೋ ಮೇಲು. ಅಪರೂಪಕ್ಕೆ ಬರುವ ಪಲ್ಸ್ ಮಧ್ಯಾಂಕವನ್ನು ಅಷ್ಟಾಗಿ ಅಲುಗಿಸಲಾರದು.

ಪಲ್ಸ್ ಇಳಿಯುವಾಗ ನಾಯ್ಸ್ ಅದನ್ನು ಮತ್ತೆ ಗೆರೆಯ ಮೇಲಕ್ಕೆ ತಳ್ಳಿದರೆ ಒಂದೇ ಪಲ್ಸ್ ಎರಡಾಗಿ ಲೆಕ್ಕಕ್ಕೆ ಸಿಗುತ್ತದೆ. ಏರುವುದಕ್ಕೊಂದು ಗೆರೆ, ಇಳಿಯುವುದಕ್ಕೆ ಅದಕ್ಕಿಂತ ಕೆಳಗೊಂದು ಗೆರೆ ಇಡುವುದೇ ಇದಕ್ಕೆ ಪರಿಹಾರ. ಆಟೋ ಶ್ಮಿಟ್ 1938ರಲ್ಲಿ ಪ್ರಕಟಿಸಿದ ಟ್ರಿಗರ್ ಸರ್ಕ್ಯೂಟಿನ ಉಪಾಯವೇ ಇಂದು ಮೆನುವಿನಲ್ಲಿ ಹಿಸ್ಟೆರಿಸಿಸ್ ಎಂಬ ಹೆಸರಿನಲ್ಲಿ ಕೂತಿದೆ. ಬಹಳ ಮಂದಿ ಅದನ್ನು ಸೊನ್ನೆಯಲ್ಲೇ ಬಿಟ್ಟಿರುತ್ತಾರೆ.

ಡೆಡ್ ಟೈಮ್ ಕೂಡ ಸಣ್ಣ ವಿಷಯವಲ್ಲ. ಪ್ರತಿ ಪಲ್ಸ್ ಎಣಿಸಿದ ಮೇಲೆ 1 ಮಿಲಿಸೆಕೆಂಡ್ ಕಣ್ಣುಮುಚ್ಚಿಕೊಳ್ಳುವಂತೆ ಹೊಂದಿಸಿದ್ದು, ಸೆಕೆಂಡಿಗೆ 200 ಎಣಿಕೆ ಬಂದರೆ, ಸಾಫ್ಟ್‌ವೇರ್ ಆ ಸೆಕೆಂಡಿನ ಐದನೇ ಒಂದು ಪಾಲು ನೋಡಿಯೇ ಇರುವುದಿಲ್ಲ. ನಿಜವಾದ ದರ 250 ಆಗುತ್ತದೆ. ವರದಿಯಲ್ಲಿ 200 ಎಂದಷ್ಟೇ ಬರೆದರೆ ಓದುವವರಿಗೆ ಇದು ಹೇಗೆ ಗೊತ್ತಾಗಬೇಕು?

ಇದೇನು ಪ್ರಯೋಗಾಲಯದೊಳಗಿನ ಮಾತು ಎಂದುಕೊಳ್ಳಬೇಡಿ. ಇಸಿಜಿಯಲ್ಲಿ ಹೃದಯದ ಬಡಿತ ಗುರುತಿಸಲು ಪ್ಯಾನ್ ಮತ್ತು ಟಾಂಪ್ಕಿನ್ಸ್ 1985ರಲ್ಲಿ ಕೊಟ್ಟ ವಿಧಾನ ಒಂದು ಬಡಿತದ ನಂತರ 200 ಮಿಲಿಸೆಕೆಂಡಿನೊಳಗೆ ಮತ್ತೊಂದನ್ನು ಒಪ್ಪುವುದಿಲ್ಲ. ಅಷ್ಟು ಬೇಗ ಹೃದಯ ಮತ್ತೆ ಬಡಿಯಲಾರದು. 360 ಮಿಲಿಸೆಕೆಂಡಿನೊಳಗೆ ಏನಾದರೂ ಕಂಡರೆ ಅದರ ಏರಿಕೆ ಎಷ್ಟು ಕಡಿದಾಗಿದೆ ಎಂದು ಪರೀಕ್ಷಿಸಿ, ಟಿ ಅಲೆಯೋ (ಬಡಿತದ ನಂತರ ಬರುವ ಇನ್ನೊಂದು ಉಬ್ಬು) ಬಡಿತವೋ ಎಂದು ತೀರ್ಮಾನಿಸುತ್ತದೆ. ಈ ಅಂಕಿಗಳು ಹೃದಯದ ಸ್ವಭಾವದಿಂದ ಬಂದವು. ನಮ್ಮ ಸೆಟ್ಟಿಂಗ್‌ಗಳೂ ಹಾಗೆಯೇ ಅಳೆಯುವ ವಸ್ತುವಿನಿಂದ ಬರಬೇಕು. ಸಾಫ್ಟ್‌ವೇರ್ ತಯಾರಿಸಿದವರಿಗೆ ನಮ್ಮ ಡಿಟೆಕ್ಟರ್ ಯಾವುದೆಂದು ತಿಳಿದಿರುವುದಿಲ್ಲವಲ್ಲ.

ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಇನ್ನೊಂದಿದೆ. ಎಣಿಕೆ ಪುಸ್ತಕದ ಉತ್ತರಕ್ಕೆ ಹತ್ತಿರ ಬರುವವರೆಗೆ ಕೆಲವು ವಿದ್ಯಾರ್ಥಿಗಳು ಥ್ರೆಶೋಲ್ಡ್ ಎಳೆಯುತ್ತಾ ಕೂರುತ್ತಾರೆ. ಅದು ಅಳತೆಯೇ ಅಲ್ಲ. ಕಚ್ಚಾ ಅಲೆಯನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿ, ನಾಯ್ಸ್ ಎಷ್ಟು, ಪಲ್ಸ್ ಎಷ್ಟು ಅಗಲ ಎಂದು ಅಳೆದು, ಸೆಟ್ಟಿಂಗ್ ಬರೆದಿಟ್ಟ ಮೇಲೆಯೇ ಎಣಿಕೆ ಶುರುಮಾಡಬೇಕೆಂದು ನಾನು ಹಟ ಹಿಡಿಯುತ್ತೇನೆ. ಎಣಿಕೆ ಬಂದ ಮೇಲೆ ಸೆಟ್ಟಿಂಗ್ ಮುಟ್ಟುವಂತಿಲ್ಲ. ಕಚ್ಚಾ ಸಿಗ್ನಲ್ಲಿನ ಫೈಲನ್ನು ಅಳಿಸುವಂತೆಯೂ ಇಲ್ಲ, ಅದು ಇದ್ದರೆ ಅನುಮಾನ ಬಂದವರು ಬೇರೆ ಸೆಟ್ಟಿಂಗ್‌ನಲ್ಲಿ ಮತ್ತೆ ಎಣಿಸಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟು: ಇಂಥ ಅಳತೆಗಳನ್ನು ಪ್ರಕಟಿಸುವಾಗ ಸ್ಯಾಂಪಲಿಂಗ್ ದರ, ಫಿಲ್ಟರ್ (ನಾಯ್ಸ್ ಸೋಸುವ ಸೆಟ್ಟಿಂಗ್), ಥ್ರೆಶೋಲ್ಡ್, ಹಿಸ್ಟೆರಿಸಿಸ್, ಡೆಡ್ ಟೈಮ್ ಇವನ್ನು ಲೇಖಕರಿಂದ ಕೇಳಿ ಪಡೆದು, ಎಣಿಕೆಯ ಕೆಳಗೆ ಎರಡು ಸಾಲಾದರೂ ಅಚ್ಚು ಹಾಕಿ.

ಇಂತಿ,
ಭೌತಶಾಸ್ತ್ರ ಪ್ರಯೋಗಾಲಯದ ಶಿಕ್ಷಕಿ