ಹೊಳೆ ದಂಡೆಯಲ್ಲಿ ಮೂಸಾರ ಉಮ್ಮ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಮಡಿಕೇರಿ ಕಡೆಯ ಒಬ್ಬರು ಬರೆದಿದ್ದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಅವರ ತೋಟ ಹೋಯಿತಂತೆ. ಹೆಂಚಿನ ಮೇಲೆ ಮಳೆ ಜೋರಾದರೆ ಈಗಲೂ ರಾತ್ರಿ ಎದ್ದು ಕೂರುತ್ತಾರಂತೆ. ಧೈರ್ಯ ಎಲ್ಲಿಂದ ತರುವುದು ಎಂದು ಕೊನೆಯಲ್ಲಿ ಕೇಳಿದ್ದರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವರಿಗೆ ಬುದ್ಧಿ ಹೇಳುವಷ್ಟು ಓದಿದವಳು ನಾನಲ್ಲ. ನನಗೆ ಎಲ್ಲಿಂದ ಸಿಕ್ಕಿತು ಅನ್ನುವುದನ್ನು ಮಾತ್ರ ಬರೆಯುತ್ತೇನೆ. ಸ್ವಲ್ಪ ಉದ್ದವಾದೀತು, ಮನ್ನಿಸಿ.

ನಾನು ನೆಲ್ಯಹುದಿಕೇರಿಯವಳು. ಕಸುಬು ಹೊಲಿಗೆ. ಬ್ಲೌಸ್, ಚೂಡಿದಾರ್, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾ ಮೂವತ್ತು ವರ್ಷ ಆಯಿತು. ಯಜಮಾನರು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. 2014ರಲ್ಲಿ ತೀರಿಕೊಂಡರು. ಮಗಳನ್ನು ವಿರಾಜಪೇಟೆಗೆ ಕೊಟ್ಟಿದ್ದೇವೆ. ಮನೆಯಲ್ಲಿ ಉಳಿದದ್ದು ನಾನು ಮತ್ತು ನನ್ನ ಉಮ್ಮ, ಅಂದರೆ ತಾಯಿ. ಮನೆ ಇದ್ದದ್ದು ಕಾವೇರಿ ದಂಡೆಯಲ್ಲೇ. ಹೊಳೆಯ ಸದ್ದಿಲ್ಲದೆ ಮಲಗಿ ಗೊತ್ತೇ ಇರಲಿಲ್ಲ ನಮಗೆ.

2019ರ ಕಕ್ಕಡ, ಕೊಡವರ ಮಳೆಗಾಲದ ತಿಂಗಳು. ಹದಿನೆಂಟರ ದಿನ, ನಾನು ಬ್ಲೌಸ್ ಹೊಲಿದುಕೊಡುವ ಒಬ್ಬ ಕೊಡವ ಅಕ್ಕ ಮದ್ದು ಸೊಪ್ಪಿನ ಪಾಯಸ ಕಳಿಸಿದ್ದರು. ಅದಾಗಿ ವಾರ ತುಂಬುವುದರೊಳಗೆ ಹೊಳೆ ಅಂಗಳಕ್ಕೆ ಬಂತು. ಪಕ್ಕದ ಮನೆ ಹುಡುಗರು ಉಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೊಂಟದವರೆಗಿನ ನೀರಿನಲ್ಲಿ ಎತ್ತಿಕೊಂಡು ಹೋದರು. ನಾನು ಹಿಂದಿನಿಂದ ಆಧಾರ್ ಕಾರ್ಡು, ರೇಷನ್ ಕಾರ್ಡಿನ ಕವರ್ ತಲೆ ಮೇಲೆ ಹಿಡಿದು ನಡೆದೆ. ಆಗಸ್ಟ್ 12ರ ಬಕ್ರೀದ್ ನಮಗೆ ಗಂಜಿ ಕೇಂದ್ರದಲ್ಲೇ ಆಯಿತು. ಅದು ಶಾಲೆಯ ಕೊಠಡಿ. ಬೋರ್ಡಿನ ಮೇಲೆ ಮಕ್ಕಳ ಮಗ್ಗಿ ಹಾಗೇ ಇತ್ತು.

ನೀರು ಇಳಿದ ಮೇಲೆ ಹೋಗಿ ನೋಡಿದರೆ ಹಿಂದಿನ ಗೋಡೆ ಇಲ್ಲ. ಹೊಲಿಗೆ ಮೆಷಿನ್ ಕೆಸರಿನಲ್ಲಿ ಅಡ್ಡ ಬಿದ್ದಿತ್ತು. ಬಾಬಿನ್ ತೆಗೆದರೆ ಒಳಗೆಲ್ಲ ಮರಳು. ಉಮ್ಮನ ಮುಸ್‌ಹಫ್, ಅಂದರೆ ಕುರ್‌ಆನಿನ ಪ್ರತಿ, ಮರದ ಪೆಟ್ಟಿಗೆಯಲ್ಲಿತ್ತು. ಮದುವೆಯಾಗಿ ಬರುವಾಗ ಉಮ್ಮ ತವರಿನಿಂದ ತಂದದ್ದು. ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗೆ ಆಗಿತ್ತು. ಉಗುರಿನಲ್ಲಿ ಮೆಲ್ಲಗೆ ಬಿಡಿಸಲು ಹೋದೆ. ಅಕ್ಷರವೇ ಬೆರಳಿಗೆ ಹತ್ತಿಕೊಂಡು ಬಂತು. ಮದರಸದ ಗುರುಗಳಾದ ಉಸ್ತಾದರನ್ನು ಕೇಳಿದೆವು. ಶುದ್ಧವಾದ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗದಲ್ಲಿ ಹೂಳಿ ಎಂದರು. ಬಿಳಿ ಬಟ್ಟೆ ತಂದು ನಾನೇ ಚೀಲ ಹೊಲಿದೆ. ಮೆಷಿನ್ ಇಲ್ಲ, ಕೈಹೊಲಿಗೆ. ಮೂರು ಸಲ ದಾರ ತುಂಡಾಯಿತು.

ನಾನು ತುಂಬಾ ಅತ್ತೆ. ಮನೆಗೆ ಅತ್ತದ್ದಕ್ಕಿಂತ ಆ ಪುಸ್ತಕಕ್ಕೆ ಜಾಸ್ತಿ ಅತ್ತೆ. ಆಗ ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಅಳಬೇಡ, ಅತ್ತರೆ ಈಮಾನ್ ಕಮ್ಮಿ ಅಂತ ಅರ್ಥ. ಅಲ್ಲಾಹನ ಮೇಲೆ ಭರವಸೆ ಇಡು." ಪ್ರೀತಿಯಿಂದಲೇ ಹೇಳಿದರು, ನನಗೆ ಯಾರ ಮೇಲೂ ಬೇಸರವಿಲ್ಲ. ಆದರೆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮನೆ ಹೋಯಿತು, ಈಗ ಈಮಾನೂ, ನನ್ನ ನಂಬಿಕೆಯೂ ಹೋಯಿತಾ ಎಂದು ರಾತ್ರಿಯೆಲ್ಲ ಯೋಚಿಸುತ್ತಿದ್ದೆ.

ಮಂಗಳೂರಿನಲ್ಲಿ ಕೆಲಸಕ್ಕಿರುವ ತಂಗಿಯ ಮಗ ಕುರ್‌ಆನಿನ ಕನ್ನಡ ಅನುವಾದ ತಂದುಕೊಟ್ಟ. ಒಂದು ಕಡೆ ಅರಬಿ, ಇನ್ನೊಂದು ಕಡೆ ಕನ್ನಡ. ನಮ್ಮ ಮನೆಮಾತು ಮಲಯಾಳ. ಓದಲು ಬರೆಯಲು ಕಲಿತದ್ದು ಕನ್ನಡ. ಮದರಸದಲ್ಲಿ ಅರಬಿ ಓದಲು ಕಲಿತಿದ್ದೆ, ಅರ್ಥ ಗೊತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಮೊದಲ ಸಲ ಅರ್ಥ ಕಣ್ಣಿಗೆ ಬಿತ್ತು.

ಮೊದಲು ತೆರೆದದ್ದು ಯೂಸುಫ್ ಸೂರಾ, ಅಂದರೆ ಯೂಸುಫ್ ಎಂಬ ಅಧ್ಯಾಯ. ಕಥೆ ಎಲ್ಲರಿಗೂ ಗೊತ್ತಿರುವುದೇ. ಅಣ್ಣಂದಿರು ಬಾಲಕ ಯೂಸುಫರನ್ನು ಬಾವಿಗೆ ಹಾಕಿ, ತೋಳ ತಿಂದಿತು ಎಂದು ತಂದೆಗೆ ಹೇಳುತ್ತಾರೆ. 111 ಆಯತ್‌ಗಳ, ಅಂದರೆ ವಚನಗಳ, ಆ ಸೂರಾದಲ್ಲಿ ಅಂಗಿಯ ಮಾತು ಮೂರು ಕಡೆ ಬರುತ್ತದೆ. ನಾನು ಟೈಲರ್ ಅಲ್ವಾ, ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಮೊದಲನೆಯದು, ಸುಳ್ಳು ರಕ್ತ ಹಚ್ಚಿ ತಂದ ಅಂಗಿ. ಎರಡನೆಯದು ಈಜಿಪ್ಟಿನಲ್ಲಿ. ಯಜಮಾನನ ಹೆಂಡತಿ ಯೂಸುಫರ ಮೇಲೆ ಆರೋಪ ಹೊರಿಸಿದಾಗ ಅಂಗಿ ಹಿಂದಿನಿಂದ ಹರಿದಿತ್ತು. ಮುಂದೆ ಹರಿದಿದ್ದರೆ ಇವರ ತಪ್ಪು, ಹಿಂದೆ ಹರಿದಿದ್ದರೆ ಓಡುವವರನ್ನು ಆಕೆ ಹಿಡಿದೆಳೆದದ್ದು. ಬಟ್ಟೆ ಸುಳ್ಳು ಹೇಳುವುದಿಲ್ಲ, ಇದು ನನ್ನ ಕಸುಬಿನ ಮಾತು. ಮೂರನೆಯದು, ಎಷ್ಟೋ ವರ್ಷದ ಮೇಲೆ ಯೂಸುಫರು ತಂದೆಗೆ ಕಳಿಸುವ ಅಂಗಿ. ಅದನ್ನು ಮುಖದ ಮೇಲೆ ಹಾಕಿದಾಗ ತಂದೆಗೆ ಹೋದ ಕಣ್ಣು ಮತ್ತೆ ಬರುತ್ತದೆ.

ಕಣ್ಣು ಹೋದದ್ದು ಹೇಗೆ? ಮಗನ ದುಃಖದಲ್ಲಿ ಯಾಕೂಬ್ ನಬಿಯವರ ಕಣ್ಣು ಬೆಳ್ಳಗಾಯಿತು ಎಂದಿದೆ. ಆ ಸಾಲನ್ನು ಎರಡು ಸಲ ಓದಿದೆ. ಪ್ರವಾದಿ ಅವರು. "ನನ್ನ ಸಬ್ರ್ ಚೆಂದದ ಸಬ್ರ್" ಎಂದು ಹೇಳಿದವರೇ ಅವರು. ಸಬ್ರ್ ಎಂದರೆ ಸಹನೆ. ಅವರೇ ಕಣ್ಣು ಹೋಗುವಷ್ಟು ದುಃಖಪಟ್ಟಿದ್ದಾರೆ. ಮನೆಯವರು ಬೈದಾಗ ಅವರು ಹೇಳಿದ್ದು ಇಷ್ಟೇ: ನನ್ನ ಸಂಕಟವನ್ನು ನಾನು ಅಲ್ಲಾಹನ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ. ಅವರ ಅಳುವನ್ನು ಕುರ್‌ಆನ್ ಮುಚ್ಚಿಡಲಿಲ್ಲ, ತಪ್ಪು ಎನ್ನಲೂ ಇಲ್ಲ. ಅವತ್ತು ಗಂಜಿ ಕೇಂದ್ರದ ಹಿಂದಿನ ನಲ್ಲಿಯ ಹತ್ತಿರ ನಿಂತು ಮನಸಾರೆ ಅತ್ತೆ. ಮುಳ್ಳು ಅಲ್ಲೇ ಬಿದ್ದು ಹೋಯಿತು. ಭರವಸೆ ಇದ್ದವರೂ ಅಳುತ್ತಾರೆ. ಯಾರ ಮುಂದೆ ಅಳುತ್ತೇವೆ ಅನ್ನುವುದು ಮುಖ್ಯ.

ಆಮೇಲೆ ನಾನು ದಿನಕ್ಕೆ ಒಂದೋ ಎರಡೋ ಆಯತ್ ಮಾತ್ರ ಓದತೊಡಗಿದೆ. ರಂಜಾನಿನಲ್ಲಿ ದಿನಕ್ಕೊಂದು ಜುಝ್‌ನಂತೆ (ಜುಝ್ ಎಂದರೆ ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಒಂದು) ಮೂವತ್ತು ಜುಝ್ ಮುಗಿಸುವುದು ಬೇರೆ, ಅದರ ಪುಣ್ಯ ಬೇರೆ. ಇದು ಬೇರೆ ಓದು. ಬೆಳಿಗ್ಗೆ ಸುಬಹಿ ನಮಾಜ್ ಆದ ಮೇಲೆ ಒಂದು ಆಯತ್ ಓದಿ, ಅದನ್ನು ದಿನವಿಡೀ ಮೆಷಿನ್ ತುಳಿಯುತ್ತಾ ಮನಸ್ಸಿನಲ್ಲಿ ತಿರುಗಿಸುವುದು. ಕುರ್‌ಆನ್ ಒಂದೇ ಸಲ ಇಳಿದದ್ದಲ್ಲ, ಸುಮಾರು 23 ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಯಾಕೆ ಒಟ್ಟಿಗೇ ಇಳಿಯಲಿಲ್ಲ ಎಂದು ವಿರೋಧಿಗಳು ಕೇಳಿದಾಗ ಬಂದ ಉತ್ತರ ಫುರ್ಖಾನ್ ಸೂರಾದಲ್ಲಿದೆ: ನಿಮ್ಮ ಹೃದಯವನ್ನು ಗಟ್ಟಿ ಮಾಡಲೆಂದು. ಪ್ರವಾದಿಯವರ ಹೃದಯಕ್ಕೇ ಅಷ್ಟು ನಿಧಾನ ಬೇಕಾಗಿದ್ದರೆ ನನ್ನಂಥವಳಿಗೆ ಇನ್ನೆಷ್ಟು ಬೇಕು! ಅರ್ಥವಾಗದ್ದನ್ನು ಚೀಟಿಯಲ್ಲಿ ಬರೆದಿಟ್ಟು ಉಸ್ತಾದರ ಮನೆಯವರ ಕೈಲಿ ಕೊಡುತ್ತೇನೆ. ಅವರು ಉತ್ತರ ಹೇಳಿ ಕಳಿಸುತ್ತಾರೆ. ಎಲ್ಲವೂ ನನಗೇ ತಿಳಿಯುತ್ತದೆ ಎಂದು ಹೊರಟರೆ ದಾರಿ ತಪ್ಪುತ್ತದೆ, ಅದೂ ನನಗೆ ಗೊತ್ತು.

ಹೀಗೆ ಓದುತ್ತಾ ಓದುತ್ತಾ ಕಸಸ್ ಸೂರಾಕ್ಕೆ ಬಂದೆ. ಅಲ್ಲಿ ಮೂಸಾ ನಬಿಯವರ ಉಮ್ಮ ಸಿಕ್ಕಿದರು.

ಈಜಿಪ್ಟಿನ ದೊರೆ ಫಿರ್‌ಔನ ಗಂಡುಮಕ್ಕಳನ್ನು ಕೊಲ್ಲಿಸುತ್ತಿದ್ದ ಕಾಲ. ಆ ತಾಯಿಗೆ ಅಲ್ಲಾಹನು ಸೂಚಿಸುತ್ತಾನೆ: ಮಗುವಿಗೆ ಹಾಲುಣಿಸು. ಭಯವಾದರೆ ಹೊಳೆಗೆ ಬಿಡು. ಹೆದರಬೇಡ, ದುಃಖಿಸಬೇಡ, ಅವನನ್ನು ನಿನಗೇ ಮರಳಿ ಕೊಡುತ್ತೇವೆ. ಹೊಳೆಗೆ! ಸಂಪಾದಕರೇ, ಹೊಳೆ ಏನು ಮಾಡುತ್ತದೆ ಎಂದು ನೋಡಿದವಳು ನಾನು. ಹೊಳೆಯನ್ನು ಬೈಯದೆ ಒಂದು ದಿನ ಕಳೆಯುತ್ತಿರಲಿಲ್ಲ. ಅಂಥ ನೀರಿನ ಕೈಗೆ ಮಗುವನ್ನು ಕೊಡು ಎಂದರೆ ಹೇಗೆ? ಸ್ವಲ್ಪ ಮುಂದೆ ಆ ತಾಯಿಯ ಹೃದಯ ಬರಿದಾಯಿತು ಎಂದಿದೆ. ನಾವು ಆಕೆಯ ಹೃದಯವನ್ನು ಬಿಗಿಯದಿದ್ದರೆ ಗುಟ್ಟು ಬಾಯಿಬಿಟ್ಟುಬಿಡುತ್ತಿದ್ದಳು ಎಂದೂ ಇದೆ. ಅಂದರೆ ಮಾತು ಕೊಟ್ಟ ಮೇಲೂ ಎದೆ ಖಾಲಿಯಾಯಿತು, ನಡುಕ ಬಂತು. ಎದೆ ಗಟ್ಟಿಯಾದದ್ದು ಆಕೆಯ ಶಕ್ತಿಯಿಂದಲ್ಲ, ಗಟ್ಟಿ ಮಾಡಿದವನು ಬೇರೆ.

ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಆಮೇಲಿನ ಒಂದು ಸಣ್ಣ ಮಾತು. ತಾಯಿ ಮಗಳಿಗೆ ಹೇಳುತ್ತಾಳೆ: "ಅವನ ಹಿಂದೆ ಹೋಗು." ಆ ಹುಡುಗಿ ಯಾರಿಗೂ ತಿಳಿಯದ ಹಾಗೆ ದೂರದಿಂದ ನೋಡುತ್ತಾ ಇರುತ್ತಾಳೆ. ದೇವರೇ ಮಾತು ಕೊಟ್ಟಿದ್ದಾನೆ, ಆದರೂ ಉಮ್ಮ ಕೈಕಟ್ಟಿ ಕೂರಲಿಲ್ಲ. ಮಗಳನ್ನು ಕಳಿಸಿದಳು. ಆ ಹುಡುಗಿ ಹಿಂದೆ ಹೋದದ್ದರಿಂದಲೇ ಮಗು ಹಾಲಿಗಾಗಿ ಉಮ್ಮನ ಮಡಿಲಿಗೇ ಮರಳಿ ಬಂತು. ಆಕೆಯ ಕಣ್ಣು ತಂಪಾಗಲೆಂದು ಮರಳಿಸಿದೆವು ಎಂದಿದೆ ಅಲ್ಲಿ. ಕಣ್ಣು ತಣಿಯಿತು ಎಂದು ನಾವೂ ಹೇಳುತ್ತೇವಲ್ಲ, ಅದೇ ಮಾತು. ಒಂಟೆಯನ್ನು ಮೊದಲು ಕಟ್ಟಿಹಾಕು, ಆಮೇಲೆ ಭರವಸೆ ಇಡು ಎಂದು ಪ್ರವಾದಿಯವರು ಹೇಳಿದ ಮಾತು ಚಿಕ್ಕಂದಿನಿಂದ ಕೇಳಿದ್ದೆ. ಅದು ಒಳಗಿಳಿದದ್ದು ದಂಡೆಯ ಮೇಲೆ ನಡೆಯುವ ಈ ಹುಡುಗಿಯನ್ನು ನೋಡಿದ ಮೇಲೆ.

ಹಾಗಾಗಿ ಈಗ ಜೂನ್ ಬಂದ ಕೂಡಲೇ ಒಂದು ಚೀಲ ಕಟ್ಟಿ ಬಾಗಿಲ ಹತ್ತಿರ ಇಡುತ್ತೇನೆ. ಕಾಗದಪತ್ರ, ಬಿಪಿ ಮಾತ್ರೆ, ಟಾರ್ಚು, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕುರ್‌ಆನ್. ಈಗ ಬಾಡಿಗೆ ಮನೆ, ದಂಡೆಯಿಂದ ಮೇಲೆ. ಆದರೂ ಹೊಳೆ ಏರುತ್ತಿದೆ ಎಂದು ಮೈಕಿನಲ್ಲಿ ಕೂಗಿದರೆ ನೋಡೋಣ ಎಂದು ಕಾಯುವುದಿಲ್ಲ, ಮಗಳ ಮನೆಗೆ ಬಸ್ಸು ಹತ್ತುತ್ತೇನೆ. ತವಕ್ಕುಲ್, ಅಲ್ಲಾಹನ ಮೇಲಿನ ಭರವಸೆ, ಎಂದರೆ ಸುಮ್ನೆ ಕೂರುವುದು ಎಂದುಕೊಂಡಿದ್ದ ನನಗೆ ಇದನ್ನು ಕಲಿಸಿದ್ದು ಮೂಸಾರ ಉಮ್ಮ.

ಪಾಯಸ ಕಳಿಸುತ್ತಿದ್ದ ಅಕ್ಕನ ತವರಿನ ತೋಟ ಮಕ್ಕಂದೂರಿನ ಕಡೆ. 2018ರಲ್ಲಿ ಅರ್ಧ ತೋಟ ಜರಿದು ಹೋಗಿತ್ತು. ಒಂದು ದಿನ ಅಳತೆ ಕೊಡಲು ಬಂದವರು ಮೇಜಿನ ಮೇಲಿದ್ದ ಕುರ್‌ಆನ್ ನೋಡಿ, ಇವತ್ತು ಏನು ಓದಿದೆ ಎಂದು ಕೇಳಿದರು. ಅನ್‌ಆಮ್ ಸೂರಾದ ಒಂದು ಆಯತ್ ಹೇಳಿದೆ: ಅವನಿಗೆ ತಿಳಿಯದೆ ಒಂದು ಎಲೆಯೂ ಉದುರುವುದಿಲ್ಲ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದರೆ ನಮ್ಮ ಗಿಡಗಳು ಹೋದದ್ದೂ ಗೊತ್ತಿತ್ತಲ್ವಾ? ಗೊತ್ತಿದ್ದೂ ಯಾಕೆ ತಡೆಯಲಿಲ್ಲ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. "ಗೊತ್ತಿಲ್ಲ ಅಕ್ಕ, ಆದರೆ ಯಾರೂ ನೋಡದೆ ಹೋಯಿತು ಅಂತ ನನಗೆ ಅನ್ನಿಸುವುದಿಲ್ಲ" ಎಂದೆ. ಅವರು ಕಣ್ಣೊರೆಸಿಕೊಂಡು ತೋಳಿನ ಅಳತೆಗೆ ಕೈ ಚಾಚಿದರು.

ಉಮ್ಮ 2021ರಲ್ಲಿ ತೀರಿಕೊಂಡರು. ಕೊನೆಯ ರಾತ್ರಿ ನಾನು ಪಕ್ಕದಲ್ಲಿ ಕೂತು ಯಾಸೀನ್ ಸೂರಾ ಓದಿದೆ. ಅದರ 83 ಆಯತ್‌ಗಳೂ ನನಗೆ ಬಾಯಿಪಾಠ. ಎಷ್ಟು ಸಾವಿನ ಮನೆಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಆದರೆ ಅದರಲ್ಲಿ ಸತ್ತ ಭೂಮಿಗೆ ಜೀವ ಕೊಟ್ಟು ಕಾಳು ಬೆಳೆಸುವ ಮಾತಿದೆ, ತೋಟದ ಮಾತಿದೆ, ಉಕ್ಕುವ ಒರತೆಯ ಮಾತಿದೆ ಎಂದು ತಿಳಿದದ್ದು ಕನ್ನಡದಲ್ಲಿ ಓದಿದ ಮೇಲೆಯೇ. ಚಂದ್ರ ಸವೆಯುತ್ತಾ ಸವೆಯುತ್ತಾ ಒಣಗಿದ ಖರ್ಜೂರದ ಗೊನೆಯ ತೊಟ್ಟಿನ ಹಾಗೆ ಬಾಗುತ್ತಾನೆ ಎಂಬಲ್ಲಿಗೆ ಬಂದಾಗ ನನ್ನ ಕೈಯಲ್ಲಿದ್ದ ಉಮ್ಮನ ಬೆರಳು ನೋಡಿದೆ. ಒಣಗಿ, ಬಾಗಿ, ಹಾಗೇ ಇತ್ತು. ಚಂದ್ರನಿಗೆ ಮನೆಗಳನ್ನು ಗೊತ್ತು ಮಾಡಿದವನು ಇವರ ದಾರಿಯನ್ನೂ ಗೊತ್ತು ಮಾಡಿದ್ದಾನೆ ಎಂದುಕೊಂಡೆ. ದನಿ ನಡುಗಲಿಲ್ಲ. ಕೊನೆಯ ಆಯತ್‌ವರೆಗೂ ಓದಿದೆ.

ಈ ಪತ್ರದಲ್ಲಿ ನನ್ನದೊಂದು ಕೋರಿಕೆ ಇದೆ. ನಮ್ಮ ಜಿಲ್ಲೆಯ ಮುಸ್ಲಿಮರಲ್ಲಿ ಮಲಯಾಳ ಆಡುವವರಿದ್ದಾರೆ, ಬ್ಯಾರಿ ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ. ಎಲ್ಲರ ಮಕ್ಕಳೂ ಕೂಡುವುದು ಕನ್ನಡದಲ್ಲಿ. ಮದರಸಗಳಲ್ಲಿ ಮಕ್ಕಳಿಗೆ ಚೆನ್ನಾಗಿ ಓದಲು ಕಲಿಸುತ್ತಾರೆ. ಆದರೆ ನನ್ನ ವಯಸ್ಸಿನ ಹೆಂಗಸರಿಗೆ ಅರ್ಥ ಹೇಳುವವರು ಕಡಿಮೆ. ವಾರಕ್ಕೆ ಒಂದು ಗಂಟೆ, ಕನ್ನಡದಲ್ಲಿ, ನಾಲ್ಕು ಆಯತ್‌ನ ಅರ್ಥವನ್ನು ನಿಧಾನವಾಗಿ ಹೇಳಿ ನಮ್ಮ ಪ್ರಶ್ನೆ ಕೇಳಿಸಿಕೊಳ್ಳುವ ಒಂದು ಕೂಟ ಊರೂರಲ್ಲಿ ಆಗಬೇಕು. ಮಸೀದಿ ಜಮಾಅತ್‌ಗಳ ಹಿರಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಮನಸ್ಸು ಮಾಡಿ. ಪ್ರವಾಹದಲ್ಲಿ ಮನೆ ಕಳೆದುಕೊಂಡ ಎಷ್ಟೋ ಹೆಂಗಸರು ಈಗಲೂ ಅಳುವುದಕ್ಕೆ ಹೆದರಿಕೊಂಡು ಕೂತಿದ್ದಾರೆ. ಯಾಕೂಬ್ ನಬಿಯವರ ಕಣ್ಣಿನ ವಿಷಯ ಅವರಿಗೆ ಯಾರಾದರೂ ಹೇಳಬೇಕು.

ಮಡಿಕೇರಿ ಕಡೆಯ ಆ ಓದುಗರ ಧರ್ಮ ಯಾವುದು ಎಂದು ನನಗೆ ತಿಳಿಯದು, ಅದು ಬೇಕಾಗಿಯೂ ಇಲ್ಲ. ರಾತ್ರಿ ಮಳೆ ಜೋರಾದರೆ ನಾನೂ ಏಳುತ್ತೇನೆ. ಭಯ ಹೋಗಿಲ್ಲ. ಎದ್ದು ಕೈಕಾಲು ಮುಖ ತೊಳೆದು ವುಜೂ ಮಾಡಿ, ಎರಡು ರಕಅತ್ ನಮಾಜ್ ಮಾಡಿ, ಆವತ್ತಿನ ಆಯತನ್ನು ಇನ್ನೊಂದು ಸಲ ಓದುತ್ತೇನೆ. ಬಾಗಿಲ ಹತ್ತಿರ ಚೀಲ ಇದೆಯಾ ಎಂದು ನೋಡುತ್ತೇನೆ. ಆಮೇಲೆ ನಿದ್ದೆ ಬರುತ್ತದೆ. ಅವರು ಎದ್ದು ಕೂತ ಹೊತ್ತಿನಲ್ಲಿ ನೆಲ್ಯಹುದಿಕೇರಿಯಲ್ಲೂ ಒಂದು ಮನೆಯ ದೀಪ ಉರಿಯುತ್ತಿರುತ್ತದೆ ಎಂದು ಅವರಿಗೆ ತಿಳಿಸಬೇಕೆನಿಸಿ ಇಷ್ಟು ಬರೆದೆ.

ಇಂತು,
ನಿಮ್ಮ ಓದುಗರಲ್ಲಿ ಒಬ್ಬಳು,
ನೆಲ್ಯಹುದಿಕೇರಿ, ಕೊಡಗು