ರೇಖೆಯಿಲ್ಲದ ಭಾವಚಿತ್ರ

ಪ್ರಿಯ ಗೆಳೆಯ,

ಕಣ್ಣು ಕೂಡಿಬರದಿದ್ದರೆ ಮುಖವೇ ಕೂಡಿಬರುವುದಿಲ್ಲ ಎಂದು ಹಿಂದಿನ ಪತ್ರದಲ್ಲಿ ನೀನು ಬರೆದಿದ್ದೆ. ಅದಕ್ಕೆ ಉತ್ತರವಾಗಿ, ಫ್ರಾನ್ಸಿನ ಚಿತ್ರಕಾರ ಜಾರ್ಜ್ ಸೂರಾ ತನ್ನ ತಾಯಿಯನ್ನು ಚಿತ್ರಿಸಿದ ಒಂದು ಪುಟ್ಟ ಹಾಳೆಯತ್ತ ನಿನ್ನ ಗಮನ ಸೆಳೆಯಬೇಕೆನಿಸಿದೆ. 1882-83ರ ಸುಮಾರಿಗೆ, ಆತ ಇಪ್ಪತ್ತಮೂರರ ಆಸುಪಾಸಿನಲ್ಲಿದ್ದಾಗ ರಚಿಸಿದ ಈ ಚಿತ್ರ ಸುಮಾರು 31 ಸೆಂ.ಮೀ. ಎತ್ತರ, 24 ಸೆಂ.ಮೀ. ಅಗಲವಿದ್ದು, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

ಕಸೂತಿಯ ಮೇಲೆ ತಲೆಬಾಗಿ ಕುಳಿತಿರುವ ಆಕೆಯ ಕಣ್ಣುಗಳು ನಮಗೆ ಕಾಣುವುದೇ ಇಲ್ಲ. ಅವುಗಳ ಜಾಗದಲ್ಲಿ ಮೆತ್ತನೆಯ ನೆರಳಷ್ಟೇ ಇದೆ. ಆದರೂ ಬಾಗಿದ ಹಣೆಯ ಮೇಲಿನ ಬೆಳಕು ಮತ್ತು ಕೆಳಗೆ ಕತ್ತಲಿನಿಂದ ಮೂಡಿಬರುವ ಬೆರಳುಗಳು, ಇವೆರಡರ ನಡುವೆಯೇ ಆಕೆಯ ಏಕಾಗ್ರತೆಯೆಲ್ಲ ನೆಲೆಸಿದೆ. ಮಗ ಎದುರಿಗೆ ಕುಳಿತು ತನ್ನನ್ನೇ ದಿಟ್ಟಿಸುತ್ತಿದ್ದರೂ ಕೆಲಸದಿಂದ ತಲೆಯೆತ್ತದ ತಾಯಿ ಆಕೆ. ನಾನು ಕಂಡ ಭಾವಚಿತ್ರಗಳಲ್ಲಿ ಇಷ್ಟು ಆಪ್ತವಾದದ್ದು ಮತ್ತೊಂದಿಲ್ಲ.

ನಿನ್ನಂಥ ಚಿತ್ರಕಾರನು ಗಮನಿಸಬೇಕಾದದ್ದು ಇದನ್ನು ಮಾಡಿದ ಬಗೆಯನ್ನು. ಸೂರಾ ಬಳಸಿದ್ದು ಕಾಂಟೆ ಕ್ರೇಯಾನ್ ಎಂಬ ಜಿಡ್ಡಿನಂಶವುಳ್ಳ ಕಪ್ಪು ಕಡ್ಡಿ. ಯುದ್ಧದಿಂದಾಗಿ ಫ್ರಾನ್ಸಿಗೆ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಾಗ, ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು, 1795ರಲ್ಲಿ ಇಂದಿನ ಪೆನ್ಸಿಲ್ಲಿಗೆ ದಾರಿ ಮಾಡಿಕೊಟ್ಟ ನಿಕೊಲಾ-ಜಾಕ್ ಕಾಂಟೆಯ ಹೆಸರನ್ನೇ ಅದೂ ಹೊತ್ತಿದೆ. ಕಾಗದವಾದರೋ ಮೈಯೆಲ್ಲ ಸಣ್ಣ ಏರುತಗ್ಗುಗಳಿರುವ, ಮಿಶಾಲೆ ಎಂಬ ಹೆಸರಿನ ಹಾಳೆ. ನಾಣ್ಯದ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿದರೆ ಉಬ್ಬಿದ ಭಾಗವಷ್ಟೇ ಮೂಡುವಂತೆ, ಹಗುರವಾಗಿ ಆಡಿಸಿದ ಕಡ್ಡಿ ಏರುಗಳಿಗೆ ಮಾತ್ರ ಅಂಟುತ್ತದೆ, ತಗ್ಗುಗಳು ಬಿಳಿಯಾಗಿಯೇ ಉಳಿಯುತ್ತವೆ. ಒತ್ತಿದಷ್ಟೂ ತಗ್ಗು ತುಂಬಿ ಕಪ್ಪು ದಟ್ಟವಾಗುತ್ತದೆ. ಕೆನ್ನೆ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎಂದು ಹೇಳುವ ಅಂಚುಗೆರೆ ಇಲ್ಲಿಲ್ಲ, ಕೈಯ ಒತ್ತಡದ ಏರಿಳಿತವೇ ಎಲ್ಲವನ್ನೂ ಹೇಳುತ್ತದೆ. ಶುದ್ಧ ರೇಖೆಯನ್ನೇ ಆರಾಧಿಸಿದ ಫ್ರೆಂಚ್ ಚಿತ್ರಕಾರ ಆಂಗ್ರನ ಶಿಷ್ಯ ಹೆನ್ರಿ ಲೆಹ್ಮನ್ನನ ಬಳಿ ಕಲಿತವನು ರೇಖೆಯನ್ನೇ ಕೈಬಿಟ್ಟನೆಂಬುದು ನನಗೆ ಈಗಲೂ ಅಚ್ಚರಿಯ ವಿಷಯ.

ಸೂರಾ ಎಂದೊಡನೆ ಎಲ್ಲರೂ ಬಣ್ಣದ ಚುಕ್ಕೆಗಳ ಆ ದೊಡ್ಡ 'ಗ್ರಾಂದ್ ಜಾತ್' ಚಿತ್ರವನ್ನೇ ನೆನೆಯುತ್ತಾರೆ. ಆದರೆ ಅದನ್ನು ಆರಂಭಿಸುವ ಮೊದಲೇ, 1883ರ ಪ್ಯಾರಿಸ್ ಸಲೋನ್ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಆತನ ಕೃತಿಯೊಂದು ಪ್ರದರ್ಶನಗೊಂಡಿತ್ತು, ಅದೂ ಇದೇ ಕ್ರೇಯಾನಿನಲ್ಲಿ ಮಾಡಿದ ಗೆಳೆಯ ಅಮಾನ್-ಜಾನನ ಭಾವಚಿತ್ರ. 1891ರಲ್ಲಿ, ಮೂವತ್ತೊಂದರ ಹರೆಯದಲ್ಲಿ ತೀರಿಕೊಂಡ ಆತ ಈ ಕಪ್ಪುಬಿಳುಪಿನ ಹಾಳೆಗಳನ್ನಷ್ಟೇ ಬಿಟ್ಟುಹೋಗಿದ್ದರೂ ನಾನು ಅವನನ್ನು ದೊಡ್ಡ ಕಲಾವಿದನೆಂದೇ ಎಣಿಸುತ್ತಿದ್ದೆ.

ಮುಂದಿನ ಮುಖಚಿತ್ರಕ್ಕೆ ಕೂರುವಾಗ ನುಣುಪು ಹಾಳೆಯನ್ನು ಪಕ್ಕಕ್ಕಿಟ್ಟು, ಒರಟು ಕಾಗದದ ಮೇಲೆ ನೆರಳಿನಿಂದಲೇ ಶುರುಮಾಡಿ ನೋಡು; ಹೇಗೆ ಬಂತೆಂದು ತಪ್ಪದೆ ಬರೆ.

ನಿನ್ನ ಗೆಳೆಯ