ಕಾರು ಎತ್ತಿ ಎತ್ತಿ ಹಾಕುತ್ತಾ? ಮೊದಲು ಟೈರು ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಕಾರಿನ ಬಗ್ಗೆ ಬರೆದಾಗ ಅದರಲ್ಲಿ ಮೈಲೇಜ್ ಇರುತ್ತದೆ, ಸನ್‌ರೂಫ್ ಇರುತ್ತದೆ, ಪರದೆ ಎಷ್ಟು ಇಂಚು ಅನ್ನುವುದೂ ಇರುತ್ತದೆ. ಕಿತ್ತುಹೋದ ರಸ್ತೆಯಲ್ಲಿ ಒಳಗೆ ಕೂತವರ ಸೊಂಟದ ಗತಿ ಏನು ಅನ್ನುವುದಕ್ಕೆ ಮಾತ್ರ ಒಂದೇ ಸಾಲು: ‘ಸಸ್ಪೆನ್ಷನ್ ಸ್ವಲ್ಪ ಗಟ್ಟಿ’. ದಿನಾ ಊರೊಳಗೇ ಓಡಾಡುವವರಿಗೆ ಇದಕ್ಕಿಂತ ದೊಡ್ಡ ವಿಷಯ ಯಾವುದಿದೆ ಹೇಳಿ? ಗುಂಡಿ, ತೇಪೆ, ರಸ್ತೆಗಿಂತ ಮೇಲೆ ಎದ್ದು ನಿಂತ ಮ್ಯಾನ್‌ಹೋಲ್ ಮುಚ್ಚಳ, ಹೆಜ್ಜೆಗೊಂದು ಹಂಪ್. ಬೆನ್ನುನೋವು ಇರುವವರಿಗೆ, ಗರ್ಭಿಣಿಯರಿಗೆ, ಹಿಂದಿನ ಸೀಟಿನಲ್ಲಿ ಕೂರುವ ವಯಸ್ಸಾದವರಿಗೆ ಇದು ದಿನಾ ಅನುಭವಿಸುವ ಹಿಂಸೆ.

ಕಾರು ಎತ್ತಿ ಹಾಕುತ್ತದೆ ಅಂದ ಕೂಡಲೇ ಜನ ಶಾಕ್ ಅಬ್ಸಾರ್ಬರ್ ಬದಲಾಯಿಸಲು ಹೊರಡುತ್ತಾರೆ. ಅದು ದುಬಾರಿ ಕೆಲಸ, ಮತ್ತು ಎಷ್ಟೋ ಸಲ ಬೇಕಾಗೇ ಇರುವುದಿಲ್ಲ. ನಾನು ಹೇಳುವುದು ಇಷ್ಟೇ, ಟೈರಿನಿಂದ ಶುರು ಮಾಡಿ. ರಸ್ತೆಯ ಏಟು ಮೊದಲು ಬೀಳುವುದು ಟೈರಿನ ಮೇಲೆ, ಸ್ಪ್ರಿಂಗಿನ ಸರದಿ ಆಮೇಲೆ. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ಟೈರು ಹುಟ್ಟಿದ್ದೇ ಅವರ ಮಗನ ಮೂರು ಚಕ್ರದ ಸೈಕಲ್ಲಿನ ಕುಲುಕಾಟ ಕಡಿಮೆ ಮಾಡಲು.

ಮೊದಲು ಗಾಳಿ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಅದರಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕ ಇರುತ್ತದೆ, ಕಡಿಮೆ ಜನ ಇದ್ದಾಗ ಎಷ್ಟು, ತುಂಬಿದ ಗಾಡಿಗೆ ಎಷ್ಟು ಅಂತ. ಒಬ್ಬರೇ ಓಡಾಡುವ ಕಾರಿಗೂ ತುಂಬಿದ ಗಾಡಿಯ ಲೆಕ್ಕದಲ್ಲಿ ಗಾಳಿ ಹೊಡೆಸಿಕೊಂಡು ಬರುವವರು ಬಹಳ. ಇನ್ನು ಕೆಲವರು ಟೈರಿನ ಮೇಲೆ ಅಚ್ಚಾದ ಸಂಖ್ಯೆ ನೋಡಿ ಅಷ್ಟು ತುಂಬಿಸುತ್ತಾರೆ. ಅದು ಆ ಟೈರಿಗಿರುವ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಬೇಕಾದ ಒತ್ತಡ ಅಲ್ಲ. ಗಾಳಿ ನೋಡಬೇಕಾದದ್ದು ಟೈರು ತಣ್ಣಗಿರುವಾಗ, ಅಂದರೆ ಗಾಡಿ ಮೂರು ಗಂಟೆಯಾದರೂ ನಿಂತಿದ್ದ ಮೇಲೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಜಾಸ್ತಿಯೇ ತೋರಿಸುತ್ತದೆ. ಸ್ವಂತಕ್ಕೊಂದು ಗೇಜ್ ಇಟ್ಟುಕೊಳ್ಳಿ, ಗಾಳಿ ಹಾಕುವ ಕಡೆಯ ಮೀಟರನ್ನೇ ನಂಬಿ ಕೂರಬೇಡಿ. ಹಾಗಂತ ಮೆತ್ತಗಾಗಲಿ ಎಂದು ಸ್ಟಿಕ್ಕರಿನಲ್ಲಿ ಹೇಳಿದ್ದಕ್ಕಿಂತ ಕೆಳಗೆ ಇಳಿಸಲೇಬೇಡಿ. ಟೈರು ವಿಪರೀತ ಬಿಸಿಯಾಗುತ್ತದೆ, ಪಕ್ಕ ಸೀಳಬಹುದು, ಗುಂಡಿಗೆ ಬಿದ್ದರೆ ರಿಮ್ಮೇ ನೆಲಕ್ಕೆ ಬಡಿದು ಬಾಗುತ್ತದೆ. ಸಾರಜನಕ ತುಂಬಿಸಿದರೆ ಕಾರು ಮೆತ್ತಗೆ ಓಡುತ್ತದೆ ಅನ್ನುವ ಮಾತೂ ಕೇಳುತ್ತೇವೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ಸಾರಜನಕ ಇದೆ. ಒತ್ತಡ ಒಂದೇ ಆಗಿದ್ದರೆ ಏಟೂ ಒಂದೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ, ರಿಮ್ಮಿನ ಸೈಜಿಗೆ. ಟೈರಿನ ಪಕ್ಕದಲ್ಲಿ 225/45 ಆರ್17 ಅಂತ ಇದ್ದರೆ ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 45, ರಿಮ್ 17 ಇಂಚು ಎಂದರ್ಥ. ಲೆಕ್ಕ ಹಾಕಿದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರ್ ಗೋಡೆ ಸುಮಾರು 101 ಮಿ.ಮೀ. ಅದೇ 205/55 ಆರ್16 ಆದರೆ 113. 195/65 ಆರ್15 ಆದರೆ 127. ಮೂರೂ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, 63 ಸೆಂ.ಮೀ. ಆಸುಪಾಸು. ಹಾಗಾಗಿ ಸ್ಪೀಡೋಮೀಟರ್ ಲೆಕ್ಕವೂ ತಪ್ಪುವುದಿಲ್ಲ, ಕಾರು ನೆಲದಿಂದ ಇರುವ ಎತ್ತರವೂ ಬದಲಾಗುವುದಿಲ್ಲ. ಆದರೆ 17ರಿಂದ 15ಕ್ಕೆ ಬಂದರೆ ಏಟು ನುಂಗುವ ರಬ್ಬರ್ ಗೋಡೆ ಕಾಲು ಭಾಗ ಹೆಚ್ಚಾಗುತ್ತದೆ! ಮೇಲಾಗಿ ಸಣ್ಣ ರಿಮ್ ಮತ್ತು ಟೈರಿನ ತೂಕ ಸಾಮಾನ್ಯವಾಗಿ ಕಡಿಮೆ. ಹಗುರವಾದ ಚಕ್ರ ಗುಂಡಿಗೆ ಬೇಗ ಇಳಿದು ಬೇಗ ಏಳುತ್ತದೆ, ಕಾರಿನ ಮೈಗೆ ಕುಲುಕಾಟ ಕಡಿಮೆ ಮುಟ್ಟುತ್ತದೆ.

ಸಣ್ಣ ರಿಮ್ ಹಾಕಿಸುವ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಬೇಕು. ಸಣ್ಣ ರಿಮ್ಮಿನೊಳಗೆ ಬ್ರೇಕ್ ಕ್ಯಾಲಿಪರ್ (ಬ್ರೇಕಿನ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ತಗುಲದೆ ಕೂರಬೇಕು, ಸೈಜಿನ ಪಕ್ಕದಲ್ಲೇ ಅಚ್ಚಾಗಿರುವ ಟೈರಿನ ಭಾರ ಹೊರುವ ಅಂಕಿ ಮತ್ತು ವೇಗದ ಅಕ್ಷರ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಸುಲಭದ ದಾರಿ ಅಂದರೆ ನಿಮ್ಮದೇ ಕಾರಿನ ಕೆಳಗಿನ ಮಾದರಿಗೆ ಕಂಪನಿಯೇ ಕೊಟ್ಟಿರುವ ಸೈಜ್ ನೋಡುವುದು. ತಿರುವಿನಲ್ಲಿ ಸ್ಟೀರಿಂಗ್ ಸ್ವಲ್ಪ ಸಡಿಲ ಅನ್ನಿಸುತ್ತದೆ, ಅದು ನಿಜ. ಊರೊಳಗಿನ ವೇಗದಲ್ಲಿ ಅದು ಯಾರಿಗೂ ತೊಂದರೆ ಕೊಡುವಂಥದ್ದಲ್ಲ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಗೆರೆಗಳು ಸವೆಯದೆ ಚೆನ್ನಾಗಿದ್ದರೂ ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ. ರನ್‌ಫ್ಲಾಟ್ ಟೈರು ಇದ್ದರೆ ಅದರ ಗೋಡೆ ಮೊದಲೇ ದಪ್ಪ, ಪಂಚರ್ ಆದರೂ ಓಡಲಿ ಅಂತ ಹಾಗೆ ಮಾಡಿರುತ್ತಾರೆ. ಸಾಮಾನ್ಯ ಟೈರಿಗೆ ಬದಲಾಯಿಸಿದರೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಆಗ ಸ್ಟೆಪ್ನಿಯೋ ಪಂಚರ್ ಕಿಟ್ಟೋ ಜೊತೆಗಿರಲೇಬೇಕು.

ಇದೆಲ್ಲ ಆದ ಮೇಲೂ ಕುಲುಕಿದರೆ ಕೆಳಗೆ ಬಗ್ಗಿ ಬುಷ್‌ಗಳನ್ನು ನೋಡಿಸಿ. ಇದೊಂದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಹೊಸ ಬುಷ್ ಹಾಕಿಸಿದ ಮೇಲೆ ಕಾರು ಇನ್ನೂ ಗಟ್ಟಿಯಾಯಿತು ಅನ್ನುವ ದೂರು ಸುಮ್ನೆ ಅಲ್ಲ. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಲೋವರ್ ಆರ್ಮಿನ ಬುಷ್ ಅಂದರೆ ಒಳಗೊಂದು ಕಬ್ಬಿಣದ ಕೊಳವೆ, ಅದರ ಸುತ್ತ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿ ಮಾಡಿದಾಗ ಒಳಗಿನ ಕೊಳವೆ ಅಲ್ಲಾಡದೆ ನಿಲ್ಲುತ್ತದೆ, ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್. ಕಾರನ್ನು ಲಿಫ್ಟಿನಲ್ಲಿ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬಿಗಿ ಮಾಡಿದರೆ, ಕೆಳಗೆ ಇಳಿಸಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಸ್ಪ್ರಿಂಗಿನ ಜೊತೆ ಬೇಡದ ಇನ್ನೊಂದು ಸ್ಪ್ರಿಂಗ್ ಸೇರಿಸಿದಂತೆ. ಬೇಗ ಹರಿದೂ ಹೋಗುತ್ತದೆ. ನನ್ನ ತಂಗಿಯ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೀಗೇ ಆಗಿತ್ತು. ಇನ್ನೊಬ್ಬ ಮೆಕ್ಯಾನಿಕ್ ಕಾರನ್ನು ನಾಲ್ಕೂ ಚಕ್ರದ ಮೇಲೆ ರ‍್ಯಾಂಪಿನಲ್ಲಿ ನಿಲ್ಲಿಸಿ ಬೋಲ್ಟ್ ಸಡಿಲ ಮಾಡಿದಾಗ ಬುಷ್ ಟಕ್ ಅಂತ ತನ್ನ ಜಾಗಕ್ಕೆ ತಿರುಗಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಅದೇ ಬೋಲ್ಟ್, ಅದೇ ಬುಷ್, ಹೊಸದೇನನ್ನೂ ಹಾಕಲಿಲ್ಲ. ಸಣ್ಣ ಸಣ್ಣ ತೇಪೆಗಳ ಮೇಲೆ ಬರುತ್ತಿದ್ದ ಆ ಚುಚ್ಚುವ ಏಟು ಹೋಯಿತು. ಗ್ಯಾರೇಜಿಗೆ ಹೋದಾಗ ‘ಗಾಡಿ ನೆಲದ ಮೇಲೆ ನಿಂತಾಗ ಫೈನಲ್ ಟೈಟ್ ಮಾಡಿ’ ಅಂತ ಬಾಯಿ ಬಿಟ್ಟು ಕೇಳಿ.

ಶಾಕ್ ಅಬ್ಸಾರ್ಬರ್ ಕೆಟ್ಟಿದ್ದರೆ ಬದಲಾಯಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಣ್ಣೆ ಸೋರಿದೆಯಾ ನೋಡಿ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟರೆ ಒಂದು ಸಲ ಎದ್ದು ನಿಲ್ಲಬೇಕು, ತೂಗಾಡುತ್ತಲೇ ಇದ್ದರೆ ಅದು ಹೋಗಿದೆ. ಬದಲಾಯಿಸುವಾಗ ಅದನ್ನು ಕಾರಿನ ಮೈಗೆ ಸೇರಿಸುವ ಮೇಲಿನ ಮೌಂಟಿನ ರಬ್ಬರನ್ನೂ ಬದಲಾಯಿಸಿ, ಮತ್ತು ‘ಸ್ಪೋರ್ಟ್’ ಅಂತ ಹೆಸರಿರುವುದನ್ನು ತರಬೇಡಿ, ಅದು ಸಾಮಾನ್ಯವಾಗಿ ಇನ್ನೂ ಗಟ್ಟಿ.

ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್‌ಗಳ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ‘ಆರಾಮ’ದ ಹೆಸರಿನಲ್ಲೇ ಅವುಗಳನ್ನು ಮಾರುತ್ತಾರೆ. ಆದರೆ ಅವು ಮಾಡುವುದು ಸುರುಳಿಯ ಒಂದು ಭಾಗ ಆಡದಂತೆ ತಡೆಯುವುದು, ಅಂದರೆ ಸ್ಪ್ರಿಂಗನ್ನು ಇನ್ನಷ್ಟು ಗಟ್ಟಿ ಮಾಡುವುದು. ಭಾರ ಹಾಕಿದಾಗ ಕುಸಿಯುವ ಗಾಡಿಗೆ ಉಪಯೋಗ ಇರಬಹುದು, ಈಗಾಗಲೇ ಗಟ್ಟಿಯಿರುವ ಕಾರಿಗೆ ಖಂಡಿತ ಬೇಡ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದೂ ಅಷ್ಟೇ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಜೊತೆಗೆ ಚಕ್ರ ಮೇಲೇಳಲು ಜಾಗವೂ ಉಳಿಯುವುದಿಲ್ಲ.

ಓಡಿಸುವವರಿಗೆ ಒಂದು ಮಾತು. ಗುಂಡಿ ಕಂಡರೆ ಬ್ರೇಕ್ ಮುಂಚೆಯೇ ಹಾಕಿ ವೇಗ ತಗ್ಗಿಸಿ, ಚಕ್ರ ಇಳಿಯುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆಯಿರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಮೂತಿ ಮೊದಲೇ ತಗ್ಗಿರುತ್ತದೆ, ಮುಂದಿನ ಸ್ಪ್ರಿಂಗಿಗೆ ಆಡಲು ಜಾಗ ಇರುವುದಿಲ್ಲ.

ಇಷ್ಟೆಲ್ಲ ಕಾರಿನ ಒಡೆಯರೇ ಮಾಡಿಕೊಳ್ಳಬೇಕಾಗಿ ಬಂದಿರುವುದು ಯಾಕೆ ಅನ್ನುವುದೇ ನನ್ನ ಸಿಟ್ಟು. ಒಳ್ಳೆಯ ಸೀಟು ಬೇಕು ಅಂದರೆ ಎಷ್ಟೋ ಕಾರುಗಳಲ್ಲಿ ಮೇಲಿನ ಮಾದರಿ ತಗೋಬೇಕು, ಅದರ ಜೊತೆ ದೊಡ್ಡ ರಿಮ್, ತೆಳ್ಳನೆಯ ಟೈರು ಕಡ್ಡಾಯ. ನೋಡಲು ಚೆಂದ ಅಂತ ಕೊಡುವ ಆ ಚಕ್ರವನ್ನು ಬೇಡ ಅನ್ನುವ ಅವಕಾಶ ಕೊಳ್ಳುವವರಿಗೆ ಇರಬೇಕು. ಕಾರು ಕಂಪನಿಗಳು ಎಲ್ಲ ಮಾದರಿಗೂ ಸಣ್ಣ ರಿಮ್ಮಿನ ಆಯ್ಕೆ ಕೊಡಲಿ.

ನಿಮ್ಮಲ್ಲೂ ಒಂದು ಕೋರಿಕೆ. ಕಾರಿನ ವಿಮರ್ಶೆ ಬರೆಯುವಾಗ ಓಡಿಸಿದ ಕಾರಿನ ಟೈರ್ ಸೈಜ್ ಎಷ್ಟು, ಅದರಲ್ಲಿ ಗಾಳಿ ಎಷ್ಟಿತ್ತು ಅನ್ನುವುದನ್ನು ದಯವಿಟ್ಟು ಹಾಕಿ. ವರದಿಗಾರರು ಒಮ್ಮೆ ಹಿಂದಿನ ಸೀಟಿನಲ್ಲೂ ಕೂರಲಿ, ಕಿತ್ತುಹೋದ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಹೇಗಿತ್ತು ಅಂತ ಬರೆಯಲಿ.

– ನಿಮ್ಮ ಓದುಗ